ಸರಾಸರಿ ಮನುಷ್ಯ ಯಾವ ಕೇರಿಯವನು?

ನಮ್ಮ ಹಟ್ಟಿಗಳಿಂದ ವಿಶ್ವವಿದ್ಯಾನಿಲಯದ ಮೆಟ್ಟಿಲು ಹತ್ತಿದ ಹುಡುಗ ಹುಡುಗಿಯರಲ್ಲಿ ಕೆಲವರು ಈಗ ಆರೋಗ್ಯ ಸೇವೆ, ಆರೋಗ್ಯ ನೀತಿ, ಆಸ್ಪತ್ರೆ ಆಡಳಿತ ಅನ್ನೋ ವಿಷಯಗಳನ್ನು ಓದುತ್ತಿದ್ದಾರೆ. ರಜೆಗೆ ಊರಿಗೆ ಬಂದಾಗ ಅವ್ವಂದಿರು ಕೇಳುವುದು ಒಂದೇ ಮಾತು: "ಅಂಗಾದ್ರೆ ನೀನು ಡಾಕ್ಟ್ರು ಆಯ್ತೀಯಾ ಮಗ?" ಇಲ್ಲ ಅಂದರೆ ಅವ್ವನ ಮುಖ ಸಪ್ಪಗಾಗುತ್ತದೆ. "ಮತ್ತೆ ಕಾಂಪೌಂಡ್ರಾ?" ಅದೂ ಅಲ್ಲ. ಸೂಜಿ ಹಾಕದ, ನಾಡಿ ಹಿಡಿಯದ ಈ ವೈದ್ಯವಿದ್ಯೆ ಎಂಥದು ಎಂದು ವಿವರಿಸಲಾಗದೆ ಹುಡುಗರೂ ಸುಮ್ಮನಾಗಿಬಿಡುತ್ತಾರೆ.

ವಿವರಿಸಬೇಕು. ಯಾಕೆಂದರೆ ಡಾಕ್ಟರು ಎಲ್ಲಿ ಕೂರಬೇಕು, ಅವರ ಬೀರುವಿನಲ್ಲಿ ಯಾವ ಮಾತ್ರೆ ಇರಬೇಕು, ನರ್ಸಮ್ಮ ಯಾವ ಊರಿಗೆ ವಾರಕ್ಕೊಮ್ಮೆ, ಯಾವ ಊರಿಗೆ ತಿಂಗಳಿಗೊಮ್ಮೆ ಹೋಗಬೇಕು, ಆಂಬುಲೆನ್ಸು ಎಲ್ಲಿ ನಿಲ್ಲಬೇಕು ಎಂಬುದನ್ನೆಲ್ಲ ತೀರ್ಮಾನ ಮಾಡುವ ವಿದ್ಯೆ ಇದು. ಒಬ್ಬ ಡಾಕ್ಟರ ತಪ್ಪಿನಿಂದ ಒಬ್ಬ ರೋಗಿ ಸಾಯಬಹುದು. ಈ ವಿದ್ಯೆಯ ತಪ್ಪಿನಿಂದ ಒಂದು ತಾಲ್ಲೂಕಿನ ಬಾಣಂತಿಯರು ಸಾಯಬಹುದು, ಸತ್ತರೂ ಯಾರ ಕೈಗೂ ರಕ್ತ ಅಂಟುವುದಿಲ್ಲ. ಕಾಗದದ ಮೇಲೆ ಒಂದು ಕಾಲಂ ಖಾಲಿ ಉಳಿಯುತ್ತದೆ ಅಷ್ಟೆ. ಹೀಗಿರುವಾಗ ಈ ವಿದ್ಯೆ ಯಾರಿಗೆ ಉತ್ತರ ಕೊಡಬೇಕು, ಯಾವ ನ್ಯಾಯದ ಮೇಲೆ ಹಂಚಬೇಕು ಎಂಬುದು ಪಠ್ಯಕ್ರಮದ ಪ್ರಶ್ನೆ ಮಾತ್ರವಲ್ಲ, ನೀತಿಯ ಪ್ರಶ್ನೆ. ಗೆಳೆಯರೆ, ಇದನ್ನು ಪ್ರೊಫೆಸರುಗಳಿಗೆ ಬಿಟ್ಟುಕೊಡಲು ನಾವು ತಯಾರಿಲ್ಲ.

ಮೊದಲು ಈ ವಿದ್ಯೆಯ ತವರುಮನೆ ಯಾವುದು ನೋಡೋಣ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾನಿಲಯದಲ್ಲಿ 1916ರಲ್ಲಿ ಸಾರ್ವಜನಿಕ ಆರೋಗ್ಯದ ಶಾಲೆ ಹುಟ್ಟಿದ್ದು ಎಣ್ಣೆ ವ್ಯಾಪಾರದ ಕುಬೇರ ರಾಕ್‌ಫೆಲರನ ಹೆಸರಿನ ಪ್ರತಿಷ್ಠಾನದ ಹಣದಿಂದ. 1932ರಲ್ಲಿ ಕಲ್ಕತ್ತೆಯಲ್ಲಿ ಅಖಿಲ ಭಾರತ ಮಟ್ಟದ ಸಂಸ್ಥೆ ಎದ್ದಾಗಲೂ ಅದೇ ಪ್ರತಿಷ್ಠಾನ ಕೈಜೋಡಿಸಿತ್ತು. ಷಿಕಾಗೋದಲ್ಲಿ 1934ರಲ್ಲಿ ಆಸ್ಪತ್ರೆ ಆಡಳಿತದ ಪದವಿ ಶುರುವಾಯಿತು. ಸಾಹುಕಾರನ ಹಣದಿಂದ ಹುಟ್ಟಿದ್ದೆಲ್ಲ ಸಾಹುಕಾರನದೇ ಆಗಿ ಉಳಿಯಬೇಕಿಲ್ಲ, ರೈಲು ಕೂಡ ಬ್ರಿಟಿಷರ ಲಾಭಕ್ಕೇ ಬಂದದ್ದು. ಆದರೆ ಎಲ್ಲಿಂದ ಬಂತು ಅನ್ನೋದು ನೆನಪಿರಲಿ. ಈ ವಿದ್ಯೆ ಹುಟ್ಟಿದಾಗ ಅದರ ಕಣ್ಣಿಗೆ ಜನ ಕಂಡದ್ದು ಕೆಲಸಕ್ಕೆ ಬೇಕಾದ ಮೈಗಳಾಗಿ. ಬಾಯಿ ಇರುವ ಮನುಷ್ಯರಾಗಿ ಅಲ್ಲ.

ಆ ಬಾಯಿ ಒಮ್ಮೆ ಮಾತಾಡಿದ್ದು ನಮ್ಮ ತುಮಕೂರು ಜಿಲ್ಲೆಯಲ್ಲಿ. ಇದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು, ಯಾಕೆಂದರೆ ನಮ್ಮ ಚಳವಳಿಯ ಗೆಳೆಯರಿಗೇ ಇದು ತಿಳಿದಿರುವುದು ಕಡಿಮೆ.

1959ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಹುಟ್ಟಿತು. ಆ ಕಾಲದ ದೊಡ್ಡವರ ನಂಬಿಕೆ ಹೀಗಿತ್ತು: ಹಳ್ಳಿ ಜನ ಅಜ್ಞಾನಿಗಳು, ಮೂಢರು, ಕ್ಷಯ ಬಂದದ್ದು ಅವರಿಗೆ ತಿಳಿಯುವುದಿಲ್ಲ, ತಿಳಿದರೂ ದೇವರ ಶಾಪ ಅಂತ ಕೂರುತ್ತಾರೆ, ಆಸ್ಪತ್ರೆಗೆ ಬರುವುದಿಲ್ಲ. ಆದ್ದರಿಂದ ಎಕ್ಸ್‌ರೇ ವ್ಯಾನುಗಳನ್ನು ಊರೂರಿಗೆ ಓಡಿಸಿ ರೋಗಿಗಳನ್ನು ಹುಡುಕಿ ಹಿಡಿಯಬೇಕು. ಹಿಡಿಯುವುದು ಅನ್ನೋ ಮಾತನ್ನು ಗಮನಿಸಿ. ಕಳ್ಳನನ್ನು ಹಿಡಿಯುವ ಹಾಗೆ.

ಸಂಸ್ಥೆಯಲ್ಲಿ ಡಿ. ಬ್ಯಾನರ್ಜಿ ಎಂಬ ವೈದ್ಯರೂ ಸ್ಟಿಗ್ ಆಂಡರ್ಸನ್ ಎಂಬವರೂ ಇದ್ದರು. ಅವರು ಮಾಡಿದ್ದು ಬಹಳ ಸರಳವಾದ ಕೆಲಸ. ತುಮಕೂರು ಜಿಲ್ಲೆಯಲ್ಲಿ ಸಮೀಕ್ಷೆ ನಡೆದಾಗ ಯಾರ ಎದೆಯಲ್ಲಿ ಕ್ಷಯ ಕಂಡಿತ್ತೋ ಅಂಥವರ ಬಳಿಗೆ ಹೋಗಿ ಕೇಳಿದರು. ನಿಮಗೆ ಏನಾಗ್ತಿದೆ? ಯಾವಾಗಿಂದ? ಏನು ಮಾಡಿದ್ರಿ? 1963ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಬಂದ ಅವರ ಲೇಖನ ದೊಡ್ಡವರ ನಂಬಿಕೆಯನ್ನು ತಲೆಕೆಳಗು ಮಾಡಿತು. ಬಹುಪಾಲು ರೋಗಿಗಳಿಗೆ ತಮ್ಮ ಮೈಯಲ್ಲಿ ಏನೋ ಕೆಟ್ಟಿದೆ ಎಂಬುದು ಚೆನ್ನಾಗಿಯೇ ತಿಳಿದಿತ್ತು. ಹೆಚ್ಚಿನವರು ಚಿಂತೆಗೆ ಬಿದ್ದಿದ್ದರು. ಅರ್ಧಕ್ಕಿಂತ ಹೆಚ್ಚು ಜನ, ಯಾವ ವ್ಯಾನೂ ಕರೆಯದೆ, ಯಾವ ಭಾಷಣವೂ ಕೇಳದೆ, ತಾವಾಗಿಯೇ ಇಂಗ್ಲಿಷ್ ಔಷಧಿಯ ಆಸ್ಪತ್ರೆಗಳ ಬಾಗಿಲಿಗೆ ಹೋಗಿ ಬಂದಿದ್ದರು. ಹೋದವರಲ್ಲಿ ಬಹಳ ಮಂದಿಗೆ ಸಿಕ್ಕಿದ್ದು ಕೆಮ್ಮಿನ ಔಷಧಿಯ ಒಂದು ಬಾಟ್ಲಿ. ಕಫ ಪರೀಕ್ಷೆ ಇಲ್ಲ, ಏನಿಲ್ಲ. ಬಾಟ್ಲಿ ಹಿಡ್ಕೊಂಡು ಮನೆಗೆ ಬಂದರು.

ಅಜ್ಞಾನಿ ಯಾರು ಹಾಗಾದರೆ? ಕೂಲಿ ಬಿಟ್ಟು ಕೆಮ್ಮುತ್ತ ಬಂದವನೋ, ಬಂದವನ ಕಫ ನೋಡದೆ ಕಳಿಸಿದ ಆಡಳಿತವೋ?

ಈ ಅರಿವಿನ ಮೇಲೆ 1962ರ ರಾಷ್ಟ್ರೀಯ ಕ್ಷಯ ಕಾರ್ಯಕ್ರಮ ನಿಂತಿತು. ವ್ಯಾನು ಓಡಿಸುವುದು ಬೇಡ, ಪ್ರತ್ಯೇಕ ಕ್ಷಯದ ದಂಡು ಬೇಡ. ಸಾಮಾನ್ಯ ಆಸ್ಪತ್ರೆಗೆ ಕೆಮ್ಮಿಕೊಂಡು ಬಂದವರ ಕಫವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಮಾತ್ರೆ ಕೊಡಿ ಅನ್ನುವುದು ಅದರ ತಿರುಳು. ಇದಕ್ಕೆ ಸ್ವಲ್ಪ ಮುಂಚೆ, 1959ರಲ್ಲಿ, ಮದ್ರಾಸಿನ ಅಧ್ಯಯನವೊಂದು ಇನ್ನೊಂದು ಗೋಡೆಯನ್ನು ಕೆಡವಿತ್ತು. ಒಳ್ಳೆ ಗಾಳಿ, ಒಳ್ಳೆ ಹಾಸಿಗೆ, ಹಾಲು ಮೊಟ್ಟೆ ಇರುವ ಸ್ಯಾನಟೋರಿಯಮ್ಮಿನಲ್ಲಿ ಮಲಗಿದವರಿಗೂ, ಇಕ್ಕಟ್ಟಾದ ಮನೆಯಲ್ಲೇ ಇದ್ದು ಮಾತ್ರೆ ನುಂಗಿದ ಬಡವರಿಗೂ ಗುಣವಾಗುವುದರಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ ಎಂದು ತೋರಿಸಿತು. ಸ್ಯಾನಟೋರಿಯಮ್ಮಿನ ಹಾಸಿಗೆ ಎಂದೂ ಸಿಗದಿದ್ದ ನಮ್ಮೋರಿಗೆ ಇದರ ಅರ್ಥ ಎಷ್ಟು ದೊಡ್ಡದು ಎಂದು ಬಿಡಿಸಿ ಹೇಳಬೇಕಿಲ್ಲ. ಆ ದಿನಗಳಲ್ಲಿ ಭಾರತದ ಕ್ಷಯ ಕಾರ್ಯಕ್ರಮದ ಜೊತೆ ದುಡಿದ ಡೆನ್ಮಾರ್ಕಿನ ಹಾಫ್‌ಡನ್ ಮಾಹ್ಲರ್ ಮುಂದೆ ವಿಶ್ವ ಆರೋಗ್ಯ ಸಂಸ್ಥೆಯ ಮುಖ್ಯಸ್ಥರಾದರು. 1978ರ ಸೆಪ್ಟೆಂಬರಿನಲ್ಲಿ ಆಲ್ಮಾ ಆಟಾದಲ್ಲಿ ಎಲ್ಲರಿಗೂ ಆರೋಗ್ಯ ಎಂಬ ಘೋಷಣೆ ಹೊರಬಿದ್ದದ್ದು ಅವರ ಕಾಲದಲ್ಲಿ.

ನಾವು ಹೇಳುವುದು ಇಷ್ಟೆ. ಆರೋಗ್ಯಾಡಳಿತ ಎಂಬ ವಿದ್ಯೆಯಿಂದಲೂ ಬಡವನ ಪರವಾದ ಸತ್ಯ ಹುಟ್ಟಬಲ್ಲದು. ಹುಟ್ಟಿದ್ದು ಹೇಗೆ? ಕೇಳಿದ್ದರಿಂದ. ಕೇಳುವುದು ಬರೀ ವಿಧಾನವಲ್ಲ, ಎದುರಿಗಿರುವವನಿಗೂ ಬುದ್ಧಿಯಿದೆ, ಅವನ ನಡೆಗೂ ಕಾರಣವಿದೆ ಎಂದು ಒಪ್ಪಿಕೊಳ್ಳುವುದು. ಮೈಲಿಗೆ ಅನ್ನೋದರ ಎದುರು ಪದ ಮಡಿ ಅಲ್ಲ, ಈ ಒಪ್ಪಿಗೆ.

ಆ ಕಾರ್ಯಕ್ರಮಕ್ಕೆ ಮುಂದೆ ಏನಾಯಿತು ಎಂಬುದು ಬೇರೆ ಗೋಳು. ಹಳ್ಳಿಯ ಆರೋಗ್ಯ ನೌಕರರ ಹೊತ್ತು, ಸರ್ಕಾರದ ಗಮನ ಎಲ್ಲವನ್ನೂ ಕುಟುಂಬ ಯೋಜನೆಯ 'ಗುರಿ' ನುಂಗಿತು. ತುರ್ತು ಪರಿಸ್ಥಿತಿಯ 1976-77ರ ಒಂದೇ ವರ್ಷ 80 ಲಕ್ಷಕ್ಕೂ ಮಿಕ್ಕಿ ಸಂತಾನಹರಣ ಶಸ್ತ್ರಕ್ರಿಯೆಗಳಾದವು. ಉತ್ತರ ಪ್ರದೇಶದಲ್ಲಿ ಶಾಲಾ ಮೇಷ್ಟ್ರುಗಳಿಗೂ ಇಷ್ಟು ಕೇಸು ತರಬೇಕೆಂದು ಕೋಟಾ ಹಾಕಿ, ತರದಿದ್ದರೆ ಸಂಬಳ ತಡೆಹಿಡಿದರು. ಮೇಷ್ಟ್ರು ಯಾರ ಬಾಗಿಲಿಗೆ ಹೋದರು? ಜಮೀನ್ದಾರನ ಬಾಗಿಲಿಗಂತೂ ಅಲ್ಲ. ಗುರಿ ಅನ್ನೋ ಪದ ಬೇಟೆಯಿಂದ ಬಂದದ್ದು ಎಂಬುದನ್ನು ಆ ವರ್ಷ ಬಡವರು ಮೈಯಲ್ಲಿ ಕಲಿತರು.

ಈಗ ನಿಜವಾದ ಕಗ್ಗಂಟಿಗೆ ಬರೋಣ. ಆರೋಗ್ಯ ನೀತಿಯ ತರಗತಿಯಲ್ಲಿ ಮೊದಲ ಪಾಠವೇ ಇದು: ಸಂಪನ್ಮೂಲ ಸೀಮಿತ, ಬೇಡಿಕೆ ಅಪಾರ. ಆದ್ದರಿಂದ ಪ್ರತಿ ರೂಪಾಯಿಗೂ ಹೆಚ್ಚು ಆರೋಗ್ಯ ಎಲ್ಲಿ ಸಿಗುತ್ತದೋ ಅಲ್ಲಿ ಖರ್ಚು ಮಾಡಬೇಕು. ಕೇಳಲು ನ್ಯಾಯವಾಗಿಯೇ ಇದೆ. 1993ರಲ್ಲಿ ವಿಶ್ವ ಬ್ಯಾಂಕು ತನ್ನ ವರದಿಯೊಂದರಲ್ಲಿ ಇದಕ್ಕೊಂದು ಅಳತೆಗೋಲನ್ನೂ ಕೊಟ್ಟಿತು, ಡ್ಯಾಲಿ ಅಂತ ಅದರ ಹೆಸರು. ಅಕಾಲ ಸಾವಿನಿಂದ ಕಳೆದ ವರ್ಷಗಳು, ಊನದಿಂದ ಕುಂದಿದ ವರ್ಷಗಳು ಎರಡನ್ನೂ ಕೂಡಿ ಲೆಕ್ಕ ಹಾಕುವ ಮೊರ ಅದು. ಮೊರದಲ್ಲಿ ಏನಿತ್ತು ನೋಡಿ. ಆರಂಭದ ಲೆಕ್ಕದಲ್ಲಿ 25ರ ಆಸುಪಾಸಿನ ವಯಸ್ಸಿನವರ ಒಂದು ವರ್ಷಕ್ಕೆ ಹೆಚ್ಚು ತೂಕ. ಹಸುಗೂಸಿನ, ಮುದುಕಿಯ ಒಂದು ವರ್ಷಕ್ಕೆ ಕಡಿಮೆ ತೂಕ. ಮುಂದೆ ಬರುವ ಆರೋಗ್ಯಕ್ಕೆ ವರ್ಷಕ್ಕೆ ಶೇಕಡ 3ರಂತೆ ಕಡಿತ, ಬ್ಯಾಂಕಿನ ಬಡ್ಡಿಯ ಹಾಗೆ. ಯಾವ ಊನ ಎಷ್ಟು ಭಾರ ಎಂದು ಹೇಳಿದವರು ತಜ್ಞರ ಮಂಡಳಿ. ಊನ ಇದ್ದವರಲ್ಲ. ಟೀಕೆಗಳ ನಂತರ, 2012ರಲ್ಲಿ ಹೊರಬಂದ ಹೊಸ ಸುತ್ತಿನ ಅಧ್ಯಯನದಲ್ಲಿ ವಯಸ್ಸಿನ ತೂಕವನ್ನೂ ಬಡ್ಡಿಯನ್ನೂ ಕೈಬಿಟ್ಟರು. ಸುಮಾರು ಎರಡು ದಶಕ ನಮ್ಮ ಅಜ್ಜಿಯರ ವರ್ಷಗಳು ಕಡಿಮೆ ತೂಗಿದ್ದವು ಎಂದು ಯಾರೂ ಬಂದು ಹೇಳಲಿಲ್ಲ ಬಿಡಿ.

ಲೆಕ್ಕವನ್ನೇ ದೇವರು ಮಾಡಿದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಆರೆಗಾನ್ ರಾಜ್ಯದ ಕತೆಯೊಂದಿದೆ. ಬಡವರಿಗೆ ಸರ್ಕಾರ ಕೊಡುವ ಚಿಕಿತ್ಸೆಯಲ್ಲಿ ಯಾವುದು ಮೊದಲು, ಯಾವುದು ಆಮೇಲೆ ಎಂದು ಖರ್ಚು ಲಾಭ ಹಾಕಿ 1990ರಲ್ಲಿ ಪಟ್ಟಿ ಮಾಡಿದರು. ಕಂಪ್ಯೂಟರು ಕೊಟ್ಟ ಆ ಪಟ್ಟಿಯಲ್ಲಿ ಹಲ್ಲಿಗೆ ಟೋಪಿ ಹಾಕುವುದು ಅಪೆಂಡಿಸೈಟಿಸ್ ಶಸ್ತ್ರಕ್ರಿಯೆಗಿಂತ ಮೇಲೆ ಬಂದು ಕೂತಿತ್ತು. ಹಲ್ಲಿಗೆ ಖರ್ಚು ಕಡಿಮೆ, ಲಾಭ ಬಹಳ ಮಂದಿಗೆ. ಹೊಟ್ಟೆ ಹಿಡಿದು ಸಾಯುವವನು ಒಬ್ಬನೇ, ಖರ್ಚು ಜಾಸ್ತಿ. ಪಟ್ಟಿ ಮಾಡಿದವರಿಗೇ ನಾಚಿಕೆಯಾಗಿ ಅದನ್ನು ಬದಿಗಿಟ್ಟು ಬೇರೆ ಪಟ್ಟಿ ಮಾಡಿದರು.

ನಮ್ಮ ನೆಲಕ್ಕೆ ಬರೋಣ. ಒಂದು ಲೆಕ್ಕ ಇಟ್ಟುಕೊಳ್ಳಿ. ಕೈಯಲ್ಲಿ ಒಂದಿಷ್ಟು ಹಣವಿದೆ. ಟಾರು ರಸ್ತೆ ಪಕ್ಕದ ಊರಿನಲ್ಲಿ ಆ ಹಣಕ್ಕೆ 100 ಮಕ್ಕಳಿಗೆ ಲಸಿಕೆ ಹಾಕಬಹುದು. ಕಾಡಂಚಿನ ಹಾಡಿ, ಗುಡ್ಡದಾಚೆಯ ತಾಂಡಾ, ಊರಾಚೆಯ ಹಟ್ಟಿಗಳನ್ನು ಸುತ್ತಿದರೆ ಅದೇ ಹಣಕ್ಕೆ 30 ಮಕ್ಕಳು. ಪಾಠ ಓದಿದ ಅಧಿಕಾರಿ 100 ಅನ್ನುತ್ತಾನೆ. ಅವನು ಜಾತಿವಾದಿಯಾಗಬೇಕಾಗಿಲ್ಲ. ಒಳ್ಳೆಯವನೇ ಇರಬಹುದು, ಅಂಬೇಡ್ಕರ್ ಜಯಂತಿಗೆ ಹಾರ ಹಾಕುವವನೂ ಇರಬಹುದು. ಲೆಕ್ಕವೇ ಅವನ ಕೈ ಹಿಡಿದು ಬರೆಸುತ್ತದೆ. ಮುಂದಿನ ವರ್ಷ ಮತ್ತೆ ಅದೇ ಲೆಕ್ಕ. ಅದರ ಮುಂದಿನ ವರ್ಷವೂ. ಸರಾಸರಿ ಮೇಲೇರುತ್ತದೆ, ಜಿಲ್ಲೆಗೆ ಪ್ರಶಸ್ತಿ ಬರುತ್ತದೆ, ಹಾಡಿಯ ಮಗು ದಡಾರ ಬಂದು ಸಾಯುತ್ತದೆ. ಆ ಸರಾಸರಿ ಮನುಷ್ಯ ಯಾವ ಕೇರಿಯವನು ಎಂದು ನಾವು ಕೇಳುವುದು ಇದಕ್ಕೇ. ಅವನು ಯಾವತ್ತೂ ನಮ್ಮ ಕೇರಿಯಲ್ಲಿ ವಾಸ ಮಾಡಿದವನಲ್ಲ.

ಇಲ್ಲಿ ಎದ್ದೇಳುವ ಪ್ರಶ್ನೆ: ಹಾಡಿಯ ಮಗುವನ್ನು ತಲುಪಲು ಖರ್ಚು ಜಾಸ್ತಿ ಯಾಕೆ? ಪ್ರಕೃತಿ ಹಾಗೆ ಮಾಡಿತೇ? ಹಟ್ಟಿಯನ್ನು ಊರಾಚೆಗೆ ಹಾಕಿದವರು ಯಾರು? ಕಾಡಿನಿಂದ ಎಬ್ಬಿಸಿ ಅಂಚಿಗೆ ತಳ್ಳಿದವರು ಯಾರು? ರಸ್ತೆ ಯಾರ ಮನೆ ಮುಂದೆ ನಿಂತುಹೋಯಿತು? ಆ ದೂರ ಮನುಷ್ಯರು ಮಾಡಿದ ದೂರ. ಮೊದಲು ಅನ್ಯಾಯದಿಂದ ದೂರ ತಳ್ಳಿ, ಆಮೇಲೆ 'ನೀವು ದೂರ ಇದ್ದೀರಿ, ನಿಮ್ಮನ್ನು ತಲುಪೋದು ದುಬಾರಿ' ಅನ್ನುವುದಿದೆಯಲ್ಲ, ಇದು ಕಳ್ಳ ತಾನು ಕದ್ದ ಒಡವೆಗೆ ಒಡತಿಯ ಹತ್ತಿರವೇ ಕಾವಲು ಕೂಲಿ ಕೇಳಿದ ಹಾಗೆ. ಅನ್ಯಾಯ ಹುಟ್ಟಿಸಿದ ಖರ್ಚನ್ನು ಅನ್ಯಾಯ ಉಂಡವನ ಲೆಕ್ಕಕ್ಕೆ ಬರೆಯಲು ಯಾವ ನೀತಿಶಾಸ್ತ್ರವೂ ಒಪ್ಪಬಾರದು. ಆ ಖರ್ಚು ದೂರ ತಳ್ಳಿದವರ ಸಾಲ.

ಆದರೆ ನಾವು ಇಲ್ಲಿಗೇ ನಿಲ್ಲಿಸಿದರೆ ವೇದಿಕೆ ಭಾಷಣವಾಗುತ್ತದೆ. ಎದುರು ವಾದವನ್ನೂ ಕೇಳೋಣ. ಹಾಡಿಗೆ ಹೋದರೆ ರಸ್ತೆ ಪಕ್ಕದ ಊರಿನ 70 ಮಕ್ಕಳು ತಪ್ಪಿಹೋಗುತ್ತಾರಲ್ಲ, ಅವರಲ್ಲೂ ಕೂಲಿಯವರ ಮಕ್ಕಳಿದ್ದಾರಲ್ಲ, ಅವರು ಮಾಡಿದ ತಪ್ಪೇನು? ಇದು ಹಗುರವಾದ ಪ್ರಶ್ನೆಯಲ್ಲ. ಜೀವಕ್ಕೆ ಬೆಲೆ ಕಟ್ಟಬಾರದು ಅಂತ ಕೂಗಿಬಿಟ್ಟರೆ ತೀರುವುದೂ ಇಲ್ಲ. ಲೆಕ್ಕ ಹಾಕದೆ ಹೋದರೆ ಹಣ ಗಾಳಿಗೆ ಹೋಗುವುದಿಲ್ಲ, ಜೋರು ಬಾಯಿ ಇದ್ದವನ ಕಡೆ, ಶಾಸಕರ ಊರಿನ ಕಡೆ, ಪಟ್ಟಣದ ದೊಡ್ಡಾಸ್ಪತ್ರೆಯ ಕಡೆ ಹರಿಯುತ್ತದೆ. ಲೆಕ್ಕವಿಲ್ಲದ ಕಡೆ ಪಟ್ಟಭದ್ರರ ರಾಜ್ಯ. ಆದ್ದರಿಂದ ನಾವು ಲೆಕ್ಕದ ವೈರಿಗಳಲ್ಲ.

ನಾವು ಎರಡು ಮಾತು ಹೇಳುತ್ತೇವೆ. ಒಂದು: 30 ಮತ್ತು 100ರ ನಡುವೆ ಆರಿಸು ಎಂದು ನಮ್ಮ ಮುಂದೆ ಇಟ್ಟ ಗಡಿಗೆಯ ಗಾತ್ರವನ್ನು ನಿಗದಿ ಮಾಡಿದವರು ಯಾರು? 1943ರಲ್ಲಿ ನೇಮಕವಾಗಿ 1946ರಲ್ಲಿ ವರದಿ ಕೊಟ್ಟ ಭೋರ್ ಸಮಿತಿ, ಹಣ ಇಲ್ಲವೆಂಬ ಕಾರಣಕ್ಕೆ ಯಾರಿಗೂ ಚಿಕಿತ್ಸೆ ತಪ್ಪಬಾರದು ಎಂಬ ತತ್ವದ ಮೇಲೆ ನಿಂತಿತ್ತು. 2017ರ ರಾಷ್ಟ್ರೀಯ ಆರೋಗ್ಯ ನೀತಿ, 2025ರ ಹೊತ್ತಿಗೆ ಸರ್ಕಾರಗಳ ಆರೋಗ್ಯ ವೆಚ್ಚ ದೇಶದ ಒಟ್ಟು ಉತ್ಪನ್ನದ ಶೇಕಡ 2.5 ಮುಟ್ಟಬೇಕು ಎಂದು ಬರೆಯಿತು. 2021-22ರ ಸರ್ಕಾರಿ ಲೆಕ್ಕದ ಪ್ರಕಾರ, ಕೊರೊನಾದ ಖರ್ಚೂ ಸೇರಿ, ಅದು 1.84. ಗಡಿಗೆ ಚಿಕ್ಕದು ಎಂಬುದನ್ನು ತರಗತಿಯಲ್ಲಿ ಮಳೆಯ ಹಾಗೆ, ಬಿಸಿಲಿನ ಹಾಗೆ ಹೇಳಿಕೊಡುತ್ತಾರೆ. ಅದು ಹವಾಮಾನವಲ್ಲ, ತೀರ್ಮಾನ.

ಎರಡು: ಗಡಿಗೆ ದೊಡ್ಡದಾದರೂ ಆಯ್ಕೆ ತಪ್ಪುವುದಿಲ್ಲ, ನಿಜ. ಆಗ ಹಿಂದೆ ಉಳಿದವನಿಂದ ಶುರು ಮಾಡಿ. ರಸ್ತೆ ಪಕ್ಕದ ಮಗು ಈ ತಿಂಗಳು ತಪ್ಪಿದರೆ ಮುಂದಿನ ತಿಂಗಳು ನರ್ಸಮ್ಮ ಬಂದಾಳು, ತಾಯಿ ಬಸ್ಸು ಹತ್ತಿಯಾದರೂ ಹೋದಾಳು. ಹಾಡಿಯ ಮಗುವಿಗೆ ಎರಡನೆಯ ಬಾಗಿಲಿಲ್ಲ. ಒಂದೇ ಒಂದು ಬಾಗಿಲು ಇರುವವನ ಬಾಗಿಲನ್ನು ಮುಚ್ಚುವುದೂ, ನಾಲ್ಕು ಬಾಗಿಲು ಇರುವವನ ಒಂದನ್ನು ಮುಚ್ಚುವುದೂ ಲೆಕ್ಕದಲ್ಲಿ ಒಂದೇ ಸಂಖ್ಯೆಯಾಗಿ ಕಂಡರೆ, ಆ ಲೆಕ್ಕ ತಪ್ಪು ಅಂತಲೇ ನಮ್ಮ ವಾದ. ಇದರಲ್ಲಿ ಕೆಲವು ಜೀವಗಳು ತಪ್ಪಿ ಹೋಗುವ ಸಂಕಟ ಉಳಿದೇ ಉಳಿಯುತ್ತದೆ. ಆ ಸಂಕಟ ಇಲ್ಲವೆಂದು ಹೇಳುವವರನ್ನು ನಂಬಬೇಡಿ, ಅವರು ನಮ್ಮ ಕಡೆಯವರಾದರೂ ಸರಿ.

ಇನ್ನು ದೂರದ ವಿಷಯ. ಬಯಲು ಸೀಮೆಯಲ್ಲಿ 30,000 ಜನಕ್ಕೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ, 5,000 ಜನಕ್ಕೆ ಒಂದು ಉಪಕೇಂದ್ರ. ಗುಡ್ಡಗಾಡು, ಬುಡಕಟ್ಟು ಪ್ರದೇಶದಲ್ಲಿ 20,000ಕ್ಕೆ, 3,000ಕ್ಕೆ ಎಂದು ನಿಯಮ. ನಕ್ಷೆಯ ಮೇಲೆ ಕಂಪಾಸು ಇಟ್ಟು ಸುತ್ತು ಹಾಕುತ್ತಾರೆ. ಆ ಸುತ್ತಿನೊಳಗಿದ್ದರೆ ನೀವು ಸೇವೆ ಪಡೆದ ಹಾಗೆ. ಆದರೆ ಈ ದೇಶದಲ್ಲಿ ಮೈಲಿಗಲ್ಲು ಅಳೆಯಲಾರದ ದೂರವೊಂದಿದೆ. ಮಹಾಡದ ಚೌದಾರ್ ಕೆರೆ ಅಲ್ಲಿನ ಅಸ್ಪೃಶ್ಯರ ಮನೆಗಳಿಂದ ಎಷ್ಟು ಗಜ ದೂರವಿತ್ತು ಎಂದು ಅಳೆದಿದ್ದರೆ ಏನು ತಿಳಿಯುತ್ತಿತ್ತು? 1927ರ ಮಾರ್ಚ್ 20ರಂದು ಬಾಬಾಸಾಹೇಬರ ಜೊತೆ ಹೋಗಿ ಜನ ನೀರು ಮುಟ್ಟಿದ ಮೇಲೆ ಸವರ್ಣರು 108 ಗಡಿಗೆಗಳಲ್ಲಿ ಹಾಲು, ಮೊಸರು, ಸಗಣಿ, ಗಂಜಲ ತುಂಬಿ ಕೆರೆಗೆ ಸುರಿದು ಶುದ್ಧ ಮಾಡಿದರು. ಸಗಣಿ ಬಿದ್ದ ನೀರು ಶುದ್ಧ, ಮನುಷ್ಯನ ಬೊಗಸೆ ಮುಟ್ಟಿದ ನೀರು ಅಶುದ್ಧ. ಯಾವ ಆರೋಗ್ಯ ಇನ್ಸ್‌ಪೆಕ್ಟರು ಇದನ್ನು ಯಾವ ಕಾಲಮ್ಮಿನಲ್ಲಿ ಬರೆದಾನು?

ಇದು ಹಳೆಯ ಕತೆ ಅನ್ನೋರಿಗೆ ಹೇಳಬೇಕು. 11 ರಾಜ್ಯಗಳ 565 ಹಳ್ಳಿಗಳಲ್ಲಿ ನಡೆದು 2006ರಲ್ಲಿ ಪುಸ್ತಕವಾಗಿ ಬಂದ ಅಸ್ಪೃಶ್ಯತೆಯ ಅಧ್ಯಯನದಲ್ಲಿ, ಸುಮಾರು ಮೂರರಲ್ಲಿ ಒಂದು ಹಳ್ಳಿಯಲ್ಲಿ ಆರೋಗ್ಯ ನೌಕರರು ದಲಿತರ ಮನೆಯೊಳಕ್ಕೆ ಕಾಲಿಡುತ್ತಿರಲಿಲ್ಲ ಎಂದು ಕಂಡುಬಂತು. ಸುತ್ತಿನೊಳಗೇ ಇರುವ ಮನೆಗಳು ಇವು. ಜಗುಲಿಯಿಂದ ಒಳಕ್ಕೆ ಎಷ್ಟು ಕಿಲೋಮೀಟರು?

ಅಂಕಿಗಳ ವಿಚಾರದಲ್ಲಿ ನಮ್ಮ ಕಾರ್ಯಕರ್ತರಿಗೂ ಒಂದು ಮಾತು. 2018ರಲ್ಲಿ ವಿಶ್ವಸಂಸ್ಥೆಯ ಮಹಿಳಾ ವಿಭಾಗದ ವರದಿ ಬಂದಾಗಿನಿಂದ ದಲಿತ ಹೆಣ್ಣು ಮೇಲ್ಜಾತಿಯ ಹೆಣ್ಣಿಗಿಂತ 14.6 ವರ್ಷ ಮುಂಚೆ ಸಾಯುತ್ತಾಳೆ ಎಂಬ ಮಾತು ನಮ್ಮ ಕರಪತ್ರಗಳಲ್ಲೆಲ್ಲ ಓಡಾಡುತ್ತಿದೆ. ಆ ಲೆಕ್ಕ ಸತ್ತವರ ವಯಸ್ಸಿನ ಸರಾಸರಿ. ಮಕ್ಕಳು, ಎಳೆಯರು ಹೆಚ್ಚಿರುವ ಸಮುದಾಯದಲ್ಲಿ, ಬೇರೆಲ್ಲ ಸಮವಾಗಿದ್ದರೂ, ಸತ್ತವರ ಸರಾಸರಿ ವಯಸ್ಸು ಕೆಳಗೇ ಬರುತ್ತದೆ. ಜೀವಿತಾವಧಿ ಅನ್ನೋದು ಬೇರೆ ಲೆಕ್ಕ. ಅದನ್ನು ಸರಿಯಾಗಿ ಹಾಕಿದವರು ಸಂಗೀತಾ ವ್ಯಾಸ್ ಮತ್ತು ಸಂಗಡಿಗರು. ಒಂಬತ್ತು ರಾಜ್ಯಗಳ ಸುಮಾರು 2 ಕೋಟಿ ಜನರ ಸಮೀಕ್ಷೆಯಿಂದ 2022ರಲ್ಲಿ ಅವರು ತೋರಿಸಿದ್ದು: ಮೇಲ್ಜಾತಿ ಹಿಂದೂಗಳಿಗಿಂತ ಆದಿವಾಸಿಗಳ ಜೀವಿತಾವಧಿ 4 ವರ್ಷಕ್ಕೂ ಹೆಚ್ಚು ಕಡಿಮೆ, ದಲಿತರದು 3 ವರ್ಷಕ್ಕೂ ಹೆಚ್ಚು ಕಡಿಮೆ. ಬಡತನ ಒಂದರಿಂದಲೇ ಈ ಅಂತರದ ಅರ್ಧದಷ್ಟನ್ನೂ ವಿವರಿಸಲಾಗದು ಎಂಬುದು ಅದರಲ್ಲಿನ ಮುಖ್ಯ ಮಾತು. ಜಾತಿ ಅಂದ್ರೆ ಬಡತನ ಅಷ್ಟೆ ಕಣ್ರೀ ಅನ್ನೋ ಪ್ರಗತಿಪರ ಗೆಳೆಯರಿಗೆ ಇದಕ್ಕಿಂತ ಗಟ್ಟಿ ಉತ್ತರ ಬೇಕೆ? 14ರ ಜಾಗದಲ್ಲಿ 3 ಅಂದರೆ ನಮ್ಮ ಕೂಗು ಸಣ್ಣದಾಗುತ್ತದೆ ಎಂದು ಹೆದರಬೇಡಿ. ಒಂದೊಂದು ಜೀವದಿಂದಲೂ ಮೂರು ವರ್ಷ ಕಿತ್ತುಕೊಂಡದ್ದು ಸಣ್ಣದಲ್ಲ, ಮತ್ತು ಈ ಅಂಕಿಯನ್ನು ಯಾರೂ ನಮ್ಮ ಕೈಯಿಂದ ಕಿತ್ತುಕೊಳ್ಳಲಾರರು. ಆ ಒಂಬತ್ತರಲ್ಲಿ ಕರ್ನಾಟಕ ಇರಲಿಲ್ಲ. ಪ್ರತಿವರ್ಷ ಜನನ ಮರಣದ ಅಂದಾಜು ಕೊಡುವ ಮಾದರಿ ನೋಂದಣಿ ಪದ್ಧತಿ ಜೀವಿತಾವಧಿಯನ್ನು ಗಂಡು ಹೆಣ್ಣು, ಹಳ್ಳಿ ಪಟ್ಟಣ ಎಂದು ಬಿಡಿಸುತ್ತದೆ, ಜಾತಿಯ ಮುಂದೆ ಮಾತ್ರ ಮೂಗ.

ಹಾಗಾದರೆ ಆ ಕುರ್ಚಿಗಳಲ್ಲಿ ನಮ್ಮವರೇ ಹೋಗಿ ಕೂತರೆ ಸಾಕೆ? ಕೂರಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಸಾಕೆ? ಅಮೆರಿಕದ ಅಲಬಾಮ ರಾಜ್ಯದ ಟಸ್ಕಿಗಿಯಲ್ಲಿ 1932ರಿಂದ 1972ರವರೆಗೆ, 40 ವರ್ಷ, ಅಲ್ಲಿನ ಸರ್ಕಾರದ ಸಾರ್ವಜನಿಕ ಆರೋಗ್ಯ ಇಲಾಖೆಯೇ ಸಿಫಿಲಿಸ್ ಇದ್ದ 399 ಕರಿಯ ಗಂಡಸರಿಗೆ ಚಿಕಿತ್ಸೆ ಕೊಡದೆ ರೋಗ ಹೇಗೆ ತಿನ್ನುತ್ತದೆ ಎಂದು ನೋಡುತ್ತ ಕೂತಿತು. ನಿಮಗೆ 'ಕೆಟ್ಟ ರಕ್ತ' ಇದೆ ಎಂದಷ್ಟೆ ಹೇಳಿದ್ದರು. ಪೆನ್ಸಿಲಿನ್ ಎಲ್ಲರಿಗೂ ಸಿಗುವಂತಾದ ಮೇಲೂ ಇವರಿಗೆ ಕೊಡಲಿಲ್ಲ. ಸತ್ತ ಮೇಲೆ ಹೆಣ ಕೊಯ್ಯಲು ಒಪ್ಪಿದರೆ ಮಣ್ಣಿನ ಖರ್ಚು ಕೊಡುತ್ತಿದ್ದರು. ಬಡವನಿಗೆ ಗೌರವದ ಮಣ್ಣು ಎಷ್ಟು ಮುಖ್ಯ ಎಂದು ಆಡಳಿತಕ್ಕೆ ಗೊತ್ತಿತ್ತು. ಈ ಗಂಡಸರನ್ನು ಮನೆ ಮನೆಗೆ ಹೋಗಿ ವಿಚಾರಿಸಿ, ಕಾರಿನಲ್ಲಿ ಕರೆತಂದು, ವರ್ಷಗಟ್ಟಲೆ ನಂಬಿಕೆ ಉಳಿಸಿಕೊಂಡ ನರ್ಸ್ ಯೂನಿಸ್ ರಿವರ್ಸ್ ಕೂಡ ಕರಿಯ ಹೆಣ್ಣುಮಗಳೇ. ಆಕೆಯನ್ನು ಖಳನಾಯಕಿ ಮಾಡಲು ನಮಗೆ ಮನಸ್ಸಿಲ್ಲ. ಬಿಳಿಯ ವೈದ್ಯರ ಅಪ್ಪಣೆ, ಹೊಟ್ಟೆಪಾಡು, ತನ್ನ ಜನಕ್ಕೆ ಇಷ್ಟಾದರೂ ಸಿಗಲಿ ಎಂಬ ಆಸೆ ಎಲ್ಲ ಸೇರಿರಬಹುದು. ಆಕೆಗೆ ಜನರ ಪ್ರೀತಿ ಇತ್ತು, ಇಲಾಖೆಗೆ ಬೇಕಾಗಿದ್ದದ್ದೂ ಆ ಪ್ರೀತಿಯೇ. 1972ರಲ್ಲಿ ಈ ಪಾಪ ಪತ್ರಿಕೆಗಳಲ್ಲಿ ಬಯಲಾಯಿತು. ಅದೇ ವರ್ಷ ಬೊಂಬಾಯಿಯಲ್ಲಿ ದಲಿತ್ ಪ್ಯಾಂಥರ್ಸ್ ಹುಟ್ಟಿತು.

ನಮ್ಮಲ್ಲೂ ಹಳ್ಳಿಯ ನಂಬಿಕೆಯನ್ನು ಇಲಾಖೆಗೆ ತಂದುಕೊಡುವ ಕೆಲಸವನ್ನು ಹೆಣ್ಣುಮಕ್ಕಳೇ ಮಾಡುತ್ತಿದ್ದಾರೆ. 2005ರ ಗ್ರಾಮೀಣ ಆರೋಗ್ಯ ಅಭಿಯಾನ ಸುಮಾರು ಸಾವಿರ ಜನಕ್ಕೊಬ್ಬ ಆಶಾ ಕಾರ್ಯಕರ್ತೆ ಎಂದಿತು. ಕಾಗದದಲ್ಲಿ ಆಕೆ ನೌಕರಳಲ್ಲ, ಸ್ವಯಂಸೇವಕಿ. ಸಂಬಳವಲ್ಲ, ಪ್ರೋತ್ಸಾಹಧನ, ಗೌರವಧನ. 2025ರ ಜನವರಿಯ ಚಳಿಯಲ್ಲಿ ಆಶಾ ಕಾರ್ಯಕರ್ತೆಯರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಹಗಲೂ ರಾತ್ರಿ ಕೂತದ್ದು ಆ ಗೌರವವನ್ನು ಅನ್ನ ಮಾಡಿಕೊಳ್ಳಲಿಕ್ಕೆ. ಇನ್ನು ಆಸ್ಪತ್ರೆ ಆಡಳಿತದ ಪುಸ್ತಕ ತೆರೆದರೆ, ಕಸ ಗುಡಿಸುವುದು, ರಕ್ತದ ಬಟ್ಟೆ ಒಗೆಯುವುದು, ಹೆಣ ಹೊರುವುದು ಮೊದಲಾದವು ಆಸ್ಪತ್ರೆಯ 'ಮುಖ್ಯ ಕೆಲಸವಲ್ಲ', ಹೊರಗುತ್ತಿಗೆಗೆ ಕೊಟ್ಟರೆ ಉಳಿತಾಯ ಎಂಬ ಪಾಠವಿದೆ. ಯಾರು ಆ ಗುತ್ತಿಗೆಯಲ್ಲಿ ಬರುತ್ತಾರೆ ಎಂದು ಪುಸ್ತಕ ಬರೆಯುವುದಿಲ್ಲ. ಬರೆಯಬೇಕಾಗಿಯೂ ಇಲ್ಲ, ಎಲ್ಲರಿಗೂ ಗೊತ್ತು. ಸೋಂಕು ತಡೆಯುವ ಮೊದಲ ಕೈ ಗುಡಿಸುವವಳದು ಅಂತ ಒಂದು ಅಧ್ಯಾಯ, ಅವಳ ಕೂಲಿ ಕಡಿಮೆ ಮಾಡುವುದು ಹೇಗೆ ಅಂತ ಇನ್ನೊಂದು ಅಧ್ಯಾಯ. ಎರಡನ್ನೂ ಒಂದೇ ಪರೀಕ್ಷೆಗೆ ಓದಿ ಪಾಸಾಗಬೇಕು.

ಈ ವಿದ್ಯೆ ಓದುತ್ತಿರುವ ನಮ್ಮ ಹುಡುಗ ಹುಡುಗಿಯರು ತರಗತಿಯಲ್ಲಿ ಬಾಯಿ ಬಿಡಬೇಕು. ಸಂಪನ್ಮೂಲ ಸೀಮಿತ ಅಂದಾಗ, ಯಾರು ಮಿತಿ ಹಾಕಿದ್ದು ಸಾರ್ ಎಂದು ಕೇಳಬೇಕು. ಕ್ಷೇತ್ರಕಾರ್ಯಕ್ಕೆ ಹಳ್ಳಿಗೆ ಹೋದಾಗ ಪಂಚಾಯ್ತಿ ಕಟ್ಟೆಯ ಮೇಲೆ ಪ್ರಶ್ನಾವಳಿ ತುಂಬಿಸಿಕೊಂಡು ಬಸ್ಸು ಹಿಡಿಯಬಾರದು.

ಹಳ್ಳಿಯಲ್ಲೇ ಇರುವ ಮೇಷ್ಟ್ರುಗಳು ಮೇಡಮ್ಮುಗಳು ವಿಶ್ವವಿದ್ಯಾನಿಲಯಕ್ಕೆ ಹೋಗಬೇಕಾಗಿಲ್ಲ. 2005ರ ಅಭಿಯಾನದ ನಿಯಮದಂತೆ ಊರಿಗೊಂದು ಗ್ರಾಮ ಆರೋಗ್ಯ, ನೈರ್ಮಲ್ಯ ಸಮಿತಿ ರಚನೆಯಾಗಬೇಕಿತ್ತು. ಅದಕ್ಕೆ ವರ್ಷಕ್ಕೆ 10,000 ರೂಪಾಯಿಯವರೆಗೆ, ಊರಿನವರೇ ತೀರ್ಮಾನಿಸಿ ಖರ್ಚು ಮಾಡುವ ಹಣ ಎಂದು ನಿಗದಿಯಾಯಿತು. 2007ರಿಂದ ಎರಡು ಮೂರು ವರ್ಷ ಒಂಬತ್ತು ರಾಜ್ಯಗಳಲ್ಲಿ ಜನರೇ ಆಸ್ಪತ್ರೆಯ ಕೆಲಸಕ್ಕೆ ಅಂಕ ಕೊಡುವ ಪ್ರಯೋಗವೂ ನಡೆಯಿತು. ಅದರಲ್ಲಿ ಕರ್ನಾಟಕವೂ ಇತ್ತು. ನಿಮ್ಮೂರಲ್ಲಿ ಆ ಸಮಿತಿ ಇದೆಯೇ, ಇದ್ದರೆ ಅದರ ನಡಾವಳಿ ಪುಸ್ತಕ ಯಾರ ಮನೆಯ ಟ್ರಂಕಿನಲ್ಲಿದೆ ಎಂದು ವಿಚಾರಿಸಿ. ಸದಸ್ಯರ ಪಟ್ಟಿಯಲ್ಲಿ ಹಟ್ಟಿಯ ಹೆಣ್ಣುಮಕ್ಕಳ ಹೆಸರಿದ್ದರೆ, ಅವರ ಸಹಿ ಅಥವಾ ಹೆಬ್ಬೆಟ್ಟು ಎಲ್ಲಿ ಬಿದ್ದಿದೆ, ಅದು ಬೀಳುವ ಹೊತ್ತಿಗೆ ಮೇಲಿನ ಪುಟ ಖಾಲಿಯಿತ್ತೋ ತುಂಬಿತ್ತೋ ಎಂದು ಅವರನ್ನೇ ಕೇಳಿ.